ಓವನ್ನಿನ ಮೂಲೆಯ ತಟ್ಟೆ

ಶೋರ್‌ಲೈನ್ ಎಂಬ ಊರಿನ ಈ ಇಂಗ್ಲಿಷರ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ರೋಸ್ಟ್ ಊಟ: ದನದ ಮಾಂಸ, ಆಲೂಗಡ್ಡೆ, ಜೊತೆಗೆ ಹಿಟ್ಟು, ಮೊಟ್ಟೆ, ಹಾಲು ಕಲಸಿದ ಪುಡಿಂಗ್. ಹೆಸರು ಹಾಗಿದ್ದರೂ ಅದು ಸಿಹಿಯಲ್ಲ. ತಮ್ಮ ದೇಶ ಬಿಟ್ಟು ಬಂದಮೇಲೂ ಇವರು ಇಷ್ಟೆಲ್ಲ ಯಾಕೆ ಮಾಡಬೇಕು ಎಂದು ಗೊಣಗಿದೆ. ನನ್ನನ್ನು ಕರೆತಂದ ಮೈಸೂರಿನ ಗೆಳತಿ ಶಬಾನಾ, "ಸುಮ್ನೆ ಓವನ್ ನೋಡ್ತಿರು," ಎಂದಳು.

ಓವನ್ನಿಗೆ ಗಾಜಿನ ಬಾಗಿಲು. ನಡುವೆ ತೆರೆದರೆ ಪುಡಿಂಗ್ ಕುಸಿಯುತ್ತದಂತೆ. ಅದಕ್ಕೇ ಮಾಲೀಕ, ಎಂಬತ್ತರ ಹತ್ತಿರದ ಮುದುಕ, ಅದರೆದುರು ಮಂಡಿಯೂರಿ ಕಾವಲು ಕೂತಿದ್ದ. ನೀರಿನಂತಿದ್ದ ಹಿಟ್ಟು ನೋಡನೋಡುತ್ತಲೇ ತಟ್ಟೆಯ ಒಂದೊಂದು ಗುಳಿಯಲ್ಲೂ ಅಂಚು ದಾಟಿ ಮುಷ್ಟಿ ಗಾತ್ರಕ್ಕೆ ಎದ್ದಿತು. ಇಡೀ ಹೋಟೆಲು ಓವನ್ನಿನತ್ತ ತಿರುಗಿತು. ನನಗೆ ಉಸಿರು ಬಿಡಲೂ ಭಯವಾಯಿತು.

"ದನದ ಕೊಬ್ಬಲ್ಲೇ ಮಾಡ್ಬೇಕು, ಇಲ್ದಿದ್ರೆ ಉಬ್ಬಲ್ಲ ಅಂತಾರೆ ಇವ್ರು," ಎಂದು ಶಬಾನಾ ಪಿಸುಗುಟ್ಟಿದಳು. "ನಮ್ಗೆ ಹಲಾಲ್ ಆಗ್ಬೇಕು ಅಂದಿದ್ದಕ್ಕೆ ಮೂಲೇಲಿ ಬೇರೆ ತಟ್ಟೆ ಇಟ್ಟಿದಾರೆ, ಬರೀ ಎಣ್ಣೇದು."

ಮುದುಕನ ಕಣ್ಣು ಎಲ್ಲಿದೆಯೆಂದು ಆಗ ಗಮನಿಸಿದೆ. ಎತ್ತರಕ್ಕೆ ಎದ್ದವುಗಳನ್ನು ಆತ ನೋಡುತ್ತಲೇ ಇರಲಿಲ್ಲ. ಮೂಲೆಯ ತಟ್ಟೆಯತ್ತ ಬಗ್ಗಿ, ಇನ್ನೂ ಏಳದ ಆ ಹಿಟ್ಟಿಗೆ ಮೆಲ್ಲಗೆ, "ಕಮಾನ್, ಕಮಾನ್," ಎನ್ನುತ್ತಿದ್ದ.