ಸಿಡಿಲುಗೂಳಿಯ ಅಳತೆ

ನನ್ನ ಹೆಂಡತಿಯ ಕಥೆ ಹೇಳಹೊರಟರೆ ನನ್ನ ಮಾನವೇ ಹರಾಜಾಗುತ್ತದೆ. ಆಗಲಿ ಬಿಡಿ. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ, ಅದಕ್ಕಿಂತ ನಾನೇ ಹೇಳುವುದು ವಾಸಿ.

ಅವಳು ಬಟ್ಟೆ ಆಲ್ಟರೇಷನ್ ಮಾಡುವವಳು. ಹೊಟ್ಟೆ ಬಂದವರ ಪ್ಯಾಂಟು ಸಡಿಲ ಮಾಡುವುದು, ಅಣ್ಣನ ಶರ್ಟನ್ನು ತಮ್ಮನ ಮೈಗೆ ಹಿಡಿಯುವುದು, ಕೆಟ್ಟ ಜಿಪ್ಪು ಬದಲಿಸುವುದು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಯಾವ ಬಟ್ಟೆ ಬಂದರೂ ಮೊದಲು ಒಳಗಿನ ಮಗ್ಗುಲು ತಿರುಗಿಸಿ ನೋಡುತ್ತಾಳೆ. ಹೊಲಿಗೆಯ ಆಚೆ ಒಂದಿಷ್ಟು ಬಟ್ಟೆ, ಅಂದರೆ ಮಾರ್ಜಿನ್ನು, ಬಿಟ್ಟಿದ್ದರೆ ಅವಳ ಮುಖ ಅರಳುತ್ತದೆ. ಬಿಟ್ಟಿಲ್ಲದಿದ್ದರೆ ಹೊಲಿದವನ ಜನ್ಮ ಜಾಲಾಡುತ್ತಾಳೆ.

ನಾನು ಲಿಫ್ಟ್ ರಿಪೇರಿಯವನು. ಅದು ಹೊಟ್ಟೆಪಾಡು. ನನ್ನ ಹೆಸರು ನಡೆಯುತ್ತಿದ್ದದ್ದು ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೃಗಗಳನ್ನು ಕಾದಾಡಿಸುವ ವಿಡಿಯೋ ಗೇಮ್ ಆಡುತ್ತೇವೆ. ಒಬ್ಬೊಬ್ಬರಿಗೆ ಮೂರು ಮೃಗ. ಆಟಕ್ಕೆ ಮೊದಲು ಪ್ರತಿ ಮೃಗಕ್ಕೂ ಶಕ್ತಿ, ವೇಗ, ತಾಳಿಕೆ ಅಂತ ಅಂಕ ಹಂಚಬೇಕು. ಒಂದಕ್ಕೆ ಸುರಿದರೆ ಇನ್ನೊಂದಕ್ಕೆ ಸಾಲದು.

ನನ್ನ ಮೃಗದ ಹೆಸರು ಸಿಡಿಲುಗೂಳಿ. ಅಯ್ಯೋ, ಅದರ ಗತ್ತೇ ಗತ್ತು! ಒಮ್ಮೆ ಗುಟುರು ಹಾಕಿದರೆ ಶಕ್ತಿ ಇಮ್ಮಡಿ. ಆಮೇಲೆ ಎದುರಿಗೆ ಯಾರೇ ಬರಲಿ, ಒಂದೇ ಗುದ್ದಿಗೆ ಮಲಗಿಸುತ್ತದೆ. ಅದು ಗುಟುರು ಹಾಕುವುದರೊಳಗೆ ಕೆಡವಿಬಿಡೋಣ ಎಂದು ಎಲ್ಲರೂ ತಮ್ಮ ಮೃಗಗಳಿಗೆ ಶಕ್ತಿಯನ್ನೇ ತುಂಬಿಕೊಂಡು ಬರುತ್ತಿದ್ದರು. ಬಂದವರೆಲ್ಲ ಮಣ್ಣು ಮುಕ್ಕಿಕೊಂಡು ಹೋಗುತ್ತಿದ್ದರು. ನನಗೆ ಜಂಭ ಇರಲಿಲ್ಲ ಎಂದರೆ ಸುಳ್ಳಾದೀತು.

ಹೆಂಡತಿಯೂ ಆ ಕೋಣೆಗೆ ಬರುತ್ತಿದ್ದಳು, ಚೆನ್ನಾಗಿಯೇ ಆಡುತ್ತಿದ್ದಳು. ಆದರೆ ಅವಳು ಗೆದ್ದಾಗಲೆಲ್ಲ ಯಾರಾದರೊಬ್ಬರು ಬಾಯಿ ಹಾಕುವರು: "ಗಂಡ ಹೇಳ್ಕೊಟ್ಟಿರ್ತಾನೆ ಬಿಡಿ." ಅದನ್ನು ಕೇಳಿ ಅವಳು ನಗುತ್ತಿದ್ದಳು. ಮನೆಗೆ ಬಂದ ಮೇಲೆ ಮಾತ್ರ ಹೊಲಿಗೆ ಮೆಷಿನ್ನಿನ ಪೆಡಲು ಜೋರಾಗಿ ಓಡುತ್ತಿತ್ತು.

ಈ ವರ್ಷದ ದೊಡ್ಡ ಪಂದ್ಯಕ್ಕೆ ನಮ್ಮ ಕೋಣೆಯಿಂದ ನಾಲ್ವರ ತಂಡ ಹೊರಟಿತ್ತು. ಮೂವರು ಆಯ್ಕೆಯಾಗಿದ್ದರು. ನಾಲ್ಕನೆಯ ಜಾಗಕ್ಕೆ ಉಳಿದವರು ನಾವಿಬ್ಬರೇ, ನಾನು ಮತ್ತು ಅವಳು. ಇಬ್ಬರೂ ಒಂದು ಭಾನುವಾರ ಆಡಿ, ಗೆದ್ದವರು ಹೋಗುವುದು ಎಂದಾಯಿತು. ಹಿಂದಿನ ವಾರವೇ ಅವಳು ಹಲ್ಲಿನ ಸಂದಿನಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಎಚ್ಚರಿಸಿದ್ದಳು.

"ನೋಡಿ, ನಂಗೆ ಹೋಗ್ಬೇಕು ಅಂತ ಬಹಳ ಆಸೆ ಇದೆ. ಆದ್ರೆ ನೀವು ಬಿಟ್ಟುಕೊಟ್ಟು ಕಳಿಸೋದಾದ್ರೆ ನಾನು ಹೋಗಲ್ಲ. ಗೆದ್ರೆ ನಾನೇ ಗೆದ್ದೆ ಅಂತ ಎಲ್ಲರಿಗೂ ಗೊತ್ತಾಗ್ಬೇಕು."

"ನಾನು ಬಿಟ್ಟುಕೊಡೋದಾ? ಕನಸು ಕಾಣ್ತಿದ್ದೀಯಾ?" ಎಂದೆ.

ಆ ವಾರವೆಲ್ಲ ಸಂಜೆ ಕೆಲಸ ಮುಗಿಸಿ ಅವಳು ನನ್ನೊಂದಿಗೆ ಆಡಿದಳು. ಪ್ರತಿ ಸಲವೂ ಸಿಡಿಲುಗೂಳಿಯ ಮುಂದೆ ಒಂದು ಬಸವನಹುಳುವನ್ನು ತಂದು ಬಿಡುತ್ತಿದ್ದಳು. ಆ ಹುಳುವಿಗೆ ಒಂದೇ ಒಂದು ವಿದ್ಯೆ ಗೊತ್ತು. ತಿಂದ ಏಟನ್ನು ಎರಡರಷ್ಟು ಮಾಡಿ ವಾಪಸ್ ಕೊಡುವುದು. ಆದರೆ ಏಟು ತಿಂದು ಬದುಕಿದ್ದರೆ ತಾನೇ? ಗೂಳಿಯ ಗುದ್ದಿಗೆ ಅದು ಪ್ರತಿ ಸಂಜೆಯೂ ಅಪ್ಪಚ್ಚಿ. ಯಾರೂ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ನಾನಂತೂ ನಕ್ಕು ನಕ್ಕು ಸುಸ್ತಾಗಿದ್ದೆ. "ಪಾಪ, ಬಿಡೇ ಅದನ್ನ, ಎಷ್ಟು ಸಲ ಸಾಯ್ಸ್ತೀಯ?" ಎಂದರೆ ಅವಳು ಪರದೆಯ ಮೇಲೆ ಬಂದ ಏಟಿನ ಅಂಕಿಯನ್ನು ನೋಡಿ ಸುಮ್ಮನೆ ಎದ್ದುಹೋಗುತ್ತಿದ್ದಳು.

ಭಾನುವಾರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಕೆಲವರು ಮೆಟ್ಟಿಲ ಮೇಲೂ ನಿಂತಿದ್ದರು. ಆಟ ಸಮಸಮವಾಗಿ ನಡೆದು ಕೊನೆಗೆ ಇಬ್ಬರಲ್ಲೂ ಒಂದೊಂದೇ ಮೃಗ ಉಳಿಯಿತು. ನನ್ನದು ಸಿಡಿಲುಗೂಳಿ. ಅವಳದು ಅದೇ ಬಸವನಹುಳು! ಇಡೀ ಕೋಣೆ ಗೊಳ್ಳೆಂದಿತು.

ನಾನು ಗುಟುರು ಹಾಕಿಸಿದೆ. ಹುಳು ಚಿಪ್ಪಿನೊಳಗೆ ಮುದುಡಿ ಸುಮ್ಮನಿತ್ತು. ಮುಂದಿನ ಸರದಿಗೆ ಎದೆಯುಬ್ಬಿಸಿಕೊಂಡು ಗುದ್ದಿಸಿದೆ. ಪರದೆಯೆಲ್ಲ ಅಲುಗಾಡಿತು. ಹುಳುವಿನ ಪ್ರಾಣದ ಗೆರೆ ಸರ್ರನೆ ಇಳಿಯಿತು, ಇಳಿಯಿತು, ಕೂದಲೆಳೆಯಷ್ಟು ಉಳಿದು ನಿಂತಿತು.

ಇಮ್ಮಡಿಯಾಗಿದ್ದ ಗೂಳಿಯ ಏಟು ಇನ್ನೂ ಎರಡರಷ್ಟಾಗಿ ಗೂಳಿಯ ಹಣೆಗೇ ಬಡಿಯಿತು. ನನ್ನ ರಾಜ ಪಲ್ಟಿ ಹೊಡೆದು ಬಿದ್ದ.

"ಹೇಗೆ?" ಎಂದೆ.

"ವಾರವೆಲ್ಲ ನಿಮ್ಮ ಗೂಳಿಯ ಅಳತೆ ತಗೋತಿದ್ದೆ ರೀ," ಎಂದಳು, ಕಣ್ಣು ಹೊಳೆಯುತ್ತಿತ್ತು. "ಎಲ್ಲರೂ ಶಕ್ತಿಗೇ ಸುರೀತಾರೆ. ನಾನು ಅಲ್ಲಿ ಬಿಗಿ ಹಿಡಿದು, ಉಳಿದದ್ದನ್ನ ತಾಳಿಕೆಗೆ ಬಿಟ್ಟೆ. ದಿನಾ ಒಂಚೂರು. ನಿನ್ನೆ ಒಂದೆಳೆಯಷ್ಟು ಸಾಲದೇ ಬಂತು, ಇವತ್ತು ಅಷ್ಟು ಮಾರ್ಜಿನ್ ಬಿಟ್ಕೊಂಡು ಬಂದೆ."

ಯಾರಾದರೂ ಚಪ್ಪಾಳೆ ತಟ್ಟಬೇಕಿತ್ತು. ಅದರ ಬದಲು ಬಾಗಿಲ ಬಳಿ ನಿಂತಿದ್ದ ಆಟೋ ಡ್ರೈವರ್ ಕಣ್ಣು ಹೊಡೆದ. "ಅಷ್ಟು ದೊಡ್ಡ ಗೂಳಿಗೆ ಒಂದು ಹುಳ ತುಳಿಯಕ್ಕಾಗ್ಲಿಲ್ವಾ? ಹೆಂಡ್ತಿಗೆ ಬಿಟ್ಟುಕೊಟ್ಟ ಬಿಡ್ರಪ್ಪ." ಮೊಬೈಲ್ ಅಂಗಡಿಯವನೂ ತಲೆಯಾಡಿಸಿದ. "ಒಳ್ಳೇ ಗಂಡ ಕಣಯ್ಯಾ ನೀನು!" ಎಂದು ನನ್ನ ಬೆನ್ನು ತಟ್ಟಿದ.

ಅವಳ ಮುಖ ಸಪ್ಪಗಾಯಿತು. ಮೆಲ್ಲಗೆ ನನ್ನ ಕಡೆ ತಿರುಗಿದಳು. "ನಿಜ ಹೇಳಿ. ಬಿಟ್ಟುಕೊಟ್ರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸೋತ ಹೊಟ್ಟೆಕಿಚ್ಚು ಒಂದು ಕಡೆ, ಮೇಲೆ ಈ ಬಿರುದು ಬೇರೆ!

"ಬಿಟ್ಟುಕೊಡೋದಾ? ನಾನಾ?" ಕುರ್ಚಿ ಒದ್ದು ಎದ್ದೆ. "ಯಾವನಯ್ಯಾ ಅದು ಒಳ್ಳೇ ಗಂಡ ಅಂದಿದ್ದು? ಇವಳ ಮುಂದೆ ಆಡಿ ನೋಡ್ರಿ, ಗೊತ್ತಾಗುತ್ತೆ! ಇವಳು ನನ್ನ ಮನೇಲೇ ಕೂತು, ನನ್ನ ಗೂಳಿ ಹತ್ರಾನೇ ಏಟು ತಿಂದು, ಅದಕ್ಕೇ ಗುಂಡಿ ತೋಡಿದ್ದಾಳೆ! ನಾನು ಮೂರ್ಖನ ಹಾಗೆ ಹಲ್ಲು ಕಿರೀತಾ ಕೂತಿದ್ದೆ! ಇನ್ನೊಂದು ಆಟ ಆಡೇ! ಈಗಲೇ ಆಡು! ನಾನು ಸೋತಿದ್ದೀನಿ ಕಣ್ರಯ್ಯಾ, ಸರಿಯಾಗಿ ಸೋತಿದ್ದೀನಿ!"

ಕೊನೆಯ ಮಾತಿಗೆ ನನ್ನ ದನಿ ಒಡೆದು ಕೀರಲಾಯಿತು. ಕಣ್ಣಲ್ಲಿ ನೀರೂ ಬಂದಿತ್ತು, ಸುಳ್ಳೇಕೆ. ಡ್ರೈವರ್ ನನ್ನ ಮುಖ ನೋಡಿದ, ಆಮೇಲೆ ಅವಳ ಮುಖ ನೋಡಿದ, ಮೆಲ್ಲಗೆ ಟೋಪಿ ತೆಗೆದ. "ಅಮ್ಮಾ, ಆ ಹುಳಕ್ಕೆ ಎಷ್ಟೆಷ್ಟು ಹಾಕಿದ್ರಿ, ಸ್ವಲ್ಪ ಹೇಳ್ತೀರಾ?" ಎಂದ. ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು. ಅದು ಕೋಣೆಯೆಲ್ಲ ಹಬ್ಬಿತು.

ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ಇನ್ನೊಂದ್ಸಲ ಹೇಳಿ ರೀ," ಎಂದಳು. "ಜೋರಾಗಿ ಹೇಳಿ. ಮೆಟ್ಟಿಲ ಮೇಲೆ ನಿಂತೋರಿಗೆ ಕೇಳಿಸ್ಲಿಲ್ಲ."