ಎಂಟು ಸಾವಿರ ಸುತ್ತು

ನನ್ನ ಅಕ್ಕನ ಗಂಡ ಮೋಟಾರ್ ವೈಂಡಿಂಗ್ ಮಾಡುವವರು. ಸುಟ್ಟುಹೋದ ಫ್ಯಾನು, ಪಂಪು, ಬಟ್ಟೆ ಒಗೆಯುವ ಮಷೀನು ಯಾವುದೇ ಬರಲಿ, ಒಳಗಿನ ಕರಕಲು ತಾಮ್ರದ ತಂತಿಯನ್ನು ಬಿಚ್ಚಿ, ಅದು ಎಷ್ಟು ಸುತ್ತು ಇತ್ತೆಂದು ಎಣಿಸಿ, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ ಕೊಡುವುದು ಅವರ ಕಸುಬು. ಒಂದು ಸುತ್ತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮುಗಿದ ಮೇಲೆ ಸುತ್ತಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೋಟಾರಿನ ಹೊಟ್ಟೆಯೊಳಗೆ ಅಂಟಿಸುತ್ತಾರೆ. ಬೀದಿಯವರೆಲ್ಲ ಅವರನ್ನು ಲೆಕ್ಕದ ಮೇಷ್ಟ್ರು ಎನ್ನುತ್ತಾರೆ. ನಾನು ಭಾವ ಎನ್ನುತ್ತೇನೆ, ಸಿಟ್ಟು ಬಂದಾಗಲೂ.

ಸಿಟ್ಟು ನನಗೆ ಬೇಗ ಬರುತ್ತದೆ. ಪ್ರೆಸ್ಸಿನಲ್ಲಿ ಕರಡು ತಿದ್ದುವವಳು ನಾನು. ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದುಕೊಂಡವಳು. ನಮ್ಮಮ್ಮ ಅಕ್ಕನಿಗೆ ಕಂಠ ಕೊಟ್ಟಳು, ನನಗೆ ನಾಲಿಗೆ ಕೊಟ್ಟಳು. ನಾನು ಭಾವನಲ್ಲಿ ಕಂಡ ತಪ್ಪು ಆ ಕಂಠಕ್ಕೆ ಸಂಬಂಧಿಸಿದ್ದು.

ಮದುವೆಯಾದ ಹೊಸತರಲ್ಲಿ ಅವರದು ಎರಡೇ ಕೋಣೆಯ ಮನೆ. ಮುಂದಿನದು ಭಾವನ ಕಾರ್ಖಾನೆ, ಹಿಂದಿನದು ಅಡುಗೆಮನೆ. ಅಕ್ಕ ಪಾತ್ರೆ ತೊಳೆಯಲಿ, ಬಟ್ಟೆ ಮಡಿಸಲಿ, ಬಾಯಲ್ಲಿ ಒಂದು ಹಾಡು ಇದ್ದೇ ಇರುತ್ತಿತ್ತು. ಯಾರಿಗೋ ಕೇಳಲಿ ಎಂದು ಹಾಡಿದವಳಲ್ಲ. ಕೆಲಸ ಮಾಡುವಾಗ ಉಸಿರಾಡಿದಂತೆ ಹಾಡುತ್ತಿದ್ದಳು. ಒಂದು ದಿನ ಭಾವ ದೊಡ್ಡದೊಂದು ಪಂಪಿನ ಕಾಯಿಲ್ ಸುತ್ತುತ್ತ ಏಳುನೂರರ ಆಸುಪಾಸಿಗೆ ಬಂದಿದ್ದರು. ಹಾಡಿನತ್ತ ಮನಸ್ಸು ಹೋಗಿ ಲೆಕ್ಕ ತಪ್ಪಿತು. ಎದ್ದು ಬಂದು, ಸ್ವಲ್ಪ ಸುಮ್ಮನಿರು ಎಂದು ಮೆತ್ತಗೆ ಹೇಳಿ ಹೋದರು. ಸುತ್ತಿದ್ದನ್ನೆಲ್ಲ ಬಿಚ್ಚಿ ಒಂದರಿಂದ ಶುರು ಮಾಡಿದರು. ಅಕ್ಕ ಸುಮ್ಮನಾದಳು. ಸುಮ್ಮನಾದವಳು ಸುಮ್ಮನಾಗಿಯೇ ಉಳಿದಳು. ಅವರು ಬೈದಿದ್ದರೆ ಒಂದು ಜಗಳವಾಡಿ ಮುಗಿಸಬಹುದಿತ್ತು. ಬೈಯದೆ ಹೇಳಿದ್ದಕ್ಕೆ ಏನೆಂದು ಜಗಳವಾಡುವುದು? ಎರಡು ವರ್ಷಕ್ಕೆ ಅಂಗಡಿ ಪೇಟೆ ಬೀದಿಗೆ ಹೋಯಿತು, ಮನೆ ದಿನವಿಡೀ ಬಿಕೋ ಎನ್ನುತ್ತಿತ್ತು. ಹಾಡು ಮಾತ್ರ ತಿರುಗಿ ಬರಲಿಲ್ಲ. ಮಗಳು ಹುಟ್ಟಿ, ಬೆಳೆದು, ಕೆಲಸ ಸಿಕ್ಕಿ ಬೇರೆ ಮನೆ ಮಾಡಿದಳು. ಅವಳಿಗೆ ತನ್ನ ತಾಯಿ ಹಾಡುತ್ತಿದ್ದಳೆಂದು ಹೇಳಿದರೆ ನಗುತ್ತಾಳೆ. ಮೂವತ್ತೊಂದು ವರ್ಷ ನಾನು ಈ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರ ಮನೆಯಲ್ಲಿ ಭಾನುವಾರದ ಊಟ ಮಾಡಿದ್ದೇನೆ.

ಇಂಥ ಭಾವ ಎಲೆಕ್ಟ್ರಿಕ್ ಗಿಟಾರ್ ಮಾಡಲು ಹೊರಟಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ಸಂಗೀತದ ಗಂಧಗಾಳಿ ಇಲ್ಲದ ಮನುಷ್ಯ. ಎರಡು ಸ್ವರ ಪಕ್ಕದಲ್ಲಿಟ್ಟು ಯಾವುದು ಮೇಲಿನದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ.

ಆಗಿದ್ದಿಷ್ಟು. ಅಂಗಡಿಯ ಮಹಡಿಯ ಮೇಲೆ ಒಬ್ಬ ಹೆಂಗಸು ಗಿಟಾರ್ ಕಲಿಸುತ್ತಾರೆ. ತಮ್ಮ ಗಿಟಾರ್ ಇದ್ದಕ್ಕಿದ್ದಂತೆ ಮೂಕವಾಯಿತೆಂದು ಅವರು ಅದನ್ನು ಹೊತ್ತುಕೊಂಡು ಕೆಳಗೆ ಬಂದರು. ತಂತಿಗಳ ಕೆಳಗೆ ಕೂರಿಸಿದ್ದ ಚಿಕ್ಕ ಡಬ್ಬಿಗೆ ಪಿಕಪ್ ಎನ್ನುತ್ತಾರೆ. ಅದನ್ನು ಬಿಚ್ಚಿದರೆ ಒಳಗಿದ್ದದ್ದು ಭಾವನ ಹಳೆಯ ಗೆಳೆಯ, ಕಾಯಿಲ್. ಕಡಿದಿದ್ದ ತುದಿಯನ್ನು ಐದು ನಿಮಿಷದಲ್ಲಿ ಬೆಸೆದರು. ಆದರೆ ಟೀಚರನ್ನು ಒಂದು ಗಂಟೆ ಬಿಡಲಿಲ್ಲ. ಈ ಕಾಯಿಲಿಗೆ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಎಲ್ಲಿಂದಲೂ ಬರುವುದಿಲ್ಲ, ಆಯಸ್ಕಾಂತದ ಮೇಲೆ ಉಕ್ಕಿನ ತಂತಿ ನಡುಗಿದರೆ ಕಾಯಿಲಿನಲ್ಲಿ ತಾನಾಗಿ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡುತ್ತದೆ ಎಂದರು ಟೀಚರ್.

"ಡೈನಮೋ ನನಗೆ ಗೊತ್ತು ಮೇಡಂ," ಎಂದರಂತೆ ಭಾವ. "ಆದ್ರೆ ಡೈನಮೋಗೆ ಹಾಡು ಹೇಗೆ ಗೊತ್ತಾಗುತ್ತೆ?"

ಈ ಪ್ರಶ್ನೆ ಅವರ ತಲೆಗೆ ಹುಳ ಬಿಟ್ಟಿತು. ಮೂವತ್ತು ವರ್ಷ ಕಾಯಿಲಿಗೆ ಕರೆಂಟ್ ಕೊಟ್ಟು ಅಲ್ಲಾಡಿಸಿದವರಿಗೆ, ಅಲ್ಲಾಡುವುದೇ ಕರೆಂಟಾಗಿ, ಅದೂ ಒಂದೊಂದು ನಡುಕಕ್ಕೆ ಒಂದೊಂದು ಥರದ ಕರೆಂಟಾಗಿ ಹೊರಬರುತ್ತದೆ ಎಂಬುದು ಸುಮ್ಮನೆ ಬಿಡುವ ಸಂಗತಿಯಾಗಿರಲಿಲ್ಲ. ಸಂಜೆ ಸಂಜೆ ಮಹಡಿ ಹತ್ತಿ ಟೀಚರಿನ ಗಿಟಾರಿನ ಮೇಲೆ ಪ್ರಯೋಗ ಮಾಡಿದರು. ಪಿಕಪ್ಪಿನ ಮೇಲೆ ಸ್ಟೀಲ್ ಚಮಚ ಆಡಿಸಿದರೆ ಸ್ಪೀಕರ್ ಗುರುಗುಟ್ಟಿತು, ಪ್ಲಾಸ್ಟಿಕ್ ಸ್ಕೇಲ್ ಆಡಿಸಿದರೆ ಸುಮ್ಮನಿತ್ತು. ನೈಲಾನ್ ದಾರ ಬಿಗಿದು ಮೀಟಿದರೆ ಬೆಕ್ಕು ನಡೆದಷ್ಟೂ ಸದ್ದಿಲ್ಲ. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೊನೆಗೆ ಟೀಚರ್, ನೀವೇ ಒಂದು ಮಾಡಿಕೊಂಡುಬಿಡಿ ಎಂದರು. ನಗುತ್ತ ಹೇಳಿದ್ದೋ, ತಮ್ಮ ಗಿಟಾರ್ ಉಳಿದರೆ ಸಾಕೆಂದು ಹೇಳಿದ್ದೋ ಗೊತ್ತಿಲ್ಲ.

ಮುರಿದ ಮೇಜಿನ ಹಲಗೆ ಗಿಟಾರಿನ ಮೈಯಾಯಿತು. ಪಕ್ಕದ ಬಡಗಿ ಕತ್ತು ಕೆತ್ತಿಕೊಟ್ಟ. ಪಿಕಪ್ ಮಾತ್ರ ಪೂರ್ತಿ ಭಾವನದೇ. ಮೋಟಾರಿನೊಳಗೆ ತುರುಕುವ ಫೈಬರ್ ಹಾಳೆಯಿಂದ ಎರಡು ಪಟ್ಟಿ, ನಡುವೆ ಆರು ಕಬ್ಬಿಣದ ಸ್ಕ್ರೂ, ಅಡಿಯಲ್ಲಿ ಬೀರುವಿನ ಬಾಗಿಲು ಹಿಡಿಯುವ ಆಯಸ್ಕಾಂತ. ಸುತ್ತಲೂ ಎಂಟು ಸಾವಿರ ಸುತ್ತು ತಂತಿ ಬೇಕು ಎಂದು ಎಲ್ಲೋ ಓದಿದ್ದರು. ಆ ತಂತಿಯನ್ನು ನಾನು ಮುಟ್ಟಿ ನೋಡಿದೆ. ನನ್ನ ತಲೆಗೂದಲು ಅದಕ್ಕಿಂತ ದಪ್ಪ. ಉಸಿರು ಜೋರಾದರೆ ಕಡಿಯುತ್ತದೆ ಎಂದು ನನ್ನನ್ನು ದೂರ ಕೂರಿಸಿದರು. ನಾನಿದ್ದಲ್ಲಿ ಉಸಿರು ಜೋರಾಗುವುದು ಅವರಿಗೂ ಗೊತ್ತು.

ಮೊದಲನೇ ಕಾಯಿಲನ್ನು ಅಂಗಡಿಯ ಶಟರ್ ಎಳೆದುಕೊಂಡು ಸುತ್ತಿದರು. ಸರಿಯಾಗಿ ಎಂಟು ಸಾವಿರ, ಚೀಟಿಯನ್ನೂ ಬರೆದರು. ಆಮೇಲೆ ಒಬ್ಬ ವೈಂಡಿಂಗಿನವನು ಮಾತ್ರ ಮಾಡಬಲ್ಲ ಎಡವಟ್ಟು ಮಾಡಿದರು. ಮೋಟಾರಿನ ಕಾಯಿಲ್ ಮುಗಿದ ಮೇಲೆ ವಾರ್ನಿಶ್‌ನಲ್ಲಿ ಅದ್ದಿ ಬಿಸಿಯಲ್ಲಿ ಒಣಗಿಸುವುದು ವಾಡಿಕೆ. ಕೈ ತನ್ನ ಪಾಡಿಗೆ ಅದನ್ನೇ ಮಾಡಿತು. ಆ ವಾರ್ನಿಶ್ ಅಷ್ಟು ತೆಳು ತಂತಿಯ ಮೇಲಿನ, ಕರೆಂಟ್ ತಡೆಯುವ ಲೇಪವನ್ನು ತಿಂದುಹಾಕಿತು. ಸುತ್ತು ಸುತ್ತಿಗೆ ತಾಗಿ ಎಂಟು ಸಾವಿರವೂ ಕೆಲಸಕ್ಕೆ ಬಾರದ ಉಂಡೆಯಾಯಿತು. ಮೂರು ದಿನ ಮುಖ ಊದಿಸಿಕೊಂಡಿದ್ದರು ಎಂದು ಅಕ್ಕ ಹೇಳಿದಳು. ನಾಲ್ಕನೇ ದಿನ ನೋಟ್‌ಬುಕ್ಕಿನಲ್ಲಿ, ಲೇಪ ಏಕೆ ಕರಗಿತು, ಎಂದು ಹೊಸ ಪುಟ ಶುರುವಾಗಿತ್ತಂತೆ.

ಹೊಸ ತಂತಿ ಬರುವವರೆಗೆ ಅವರು ಕತ್ತಿನ ಕೆಲಸಕ್ಕೆ ಕೈಹಾಕಿದರು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಅದಕ್ಕೆ ತಂತಿಯನ್ನು ಒತ್ತಿಹಿಡಿದರೆ ಸ್ವರ ಮೇಲೇರುತ್ತದೆ. ಪಟ್ಟಿ ಎಲ್ಲೆಲ್ಲಿ ಬರಬೇಕೆಂಬುದಕ್ಕೆ ಒಂದು ಭಾಗಾಕಾರವಿದೆ. ಭಾಗಾಕಾರ ಎಂದರೆ ಭಾವನಿಗೆ ಹಬ್ಬ. ಭಾನುವಾರ ನಾನು ಹೋದಾಗ ಎಲ್ಲ ಪಟ್ಟಿ ಕೂರಿಸಿ, ಒಂದೇ ತಂತಿ ಬಿಗಿದು, ಮೊದಲನೇ ಪಟ್ಟಿಯಿಂದ ಒಂದೊಂದಾಗಿ ಒತ್ತಿ ಮೀಟುತ್ತ ಕೂತಿದ್ದರು. ಕರೆಂಟಿಲ್ಲದ ಗಿಟಾರಿನ ಸದ್ದು ಎಷ್ಟಿದ್ದೀತು? ಪಕ್ಕದಲ್ಲಿ ಕೂತ ನನಗೇ ಕಿವಿಗೊಟ್ಟರೆ ಕೇಳುವಷ್ಟು. ಹನ್ನೆರಡರವರೆಗೆ ಹೋಗಿ ಮತ್ತೆ ಒಂದರಿಂದ ಶುರು ಮಾಡಿದರು.

ಅಡುಗೆಮನೆಯಿಂದ ಅಕ್ಕ ಹೇಳಿದಳು, "ಐದನೇದು ಇಳಿದಿದೆ."

ಭಾವ ಸ್ಕೇಲ್ ತೆಗೆದುಕೊಂಡು ಅಳೆದರು. ನೂರಾ ಅರವತ್ತೆರಡೂವರೆ ಮಿಲಿಮೀಟರಿಗೆ ಬರಬೇಕಿದ್ದ ಪಟ್ಟಿ ನೂರಾ ಅರವತ್ತಕ್ಕೇ ಕೂತಿತ್ತು. ಅವರು ಸ್ಕೇಲನ್ನೂ ಅಡುಗೆಮನೆಯ ಬಾಗಿಲನ್ನೂ ಒಂದಾದ ಮೇಲೊಂದು ನೋಡಿದರು. ಎರಡೂವರೆ ಮಿಲಿಮೀಟರನ್ನು ಗೋಡೆಯಾಚೆಯಿಂದ ಅಳೆಯುವ ಉಪಕರಣ ತಮ್ಮ ಮನೆಯಲ್ಲೇ ಇದೆ ಎಂದು ಅವರಿಗೆ ಅಂದೇ ಗೊತ್ತಾದದ್ದು. ಅಕ್ಕನನ್ನು ಕರೆದು ಕೂರಿಸಿಕೊಂಡರು. ಹೇಗೆ ಗೊತ್ತಾಯಿತು, ಉಳಿದವು ಸರಿಯಿವೆಯೇ, ಕಿವಿಗೆ ಏನನಿಸುತ್ತದೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಚಮಚ ಆಡಿಸಿ ನೋಡಿದ ದಿನದ ಕುತೂಹಲವೇ ಅವರ ಮುಖದಲ್ಲಿತ್ತು.

"ಅದು ಎಲ್ಲಿರಬೇಕಿತ್ತು? ಬಾಯಲ್ಲಿ ಒಂದ್ಸಲ ಹಾಡಿ ತೋರಿಸು."

"ನನಗೀಗ ಗಂಟಲು ಏಳಲ್ಲ."

"ಯಾಕೆ? ಯಾವಾಗಿಂದ?"

ಕೇಳಿದ್ದರಲ್ಲಿ ಕಪಟವಿರಲಿಲ್ಲ. ನನ್ನ ಮೈ ಉರಿದದ್ದು ಅದಕ್ಕೇ. ಮೂವತ್ತೊಂದು ವರ್ಷದ್ದನ್ನು ನಾನು ಮೂರು ನಿಮಿಷದಲ್ಲಿ ಕಕ್ಕಿದೆ. ಆ ಪಂಪು, ಆ ಏಳುನೂರು, ಅವರು ಎದ್ದು ಬಂದದ್ದು, ಆಮೇಲಿನ ಮೌನ, ಒಂದನ್ನೂ ಬಿಡಲಿಲ್ಲ. ಅಕ್ಕ ನನ್ನ ತೋಳು ಹಿಡಿದು ಜಗ್ಗುತ್ತಿದ್ದಳು. ಭಾವ ಗಿಟಾರಿನ ಕತ್ತನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟರು.

"ಆ ಕಾಯಿಲ್ ಮುಗಿಯೋ ತನಕ ಸುಮ್ಮನಿರು ಅಂದಿದ್ದೆ, ಅಷ್ಟೇ," ಎಂದರು.

"ಮುಗೀತು ಅಂತ ನೀವು ಹೇಳಲೇ ಇಲ್ವಲ್ಲ," ಎಂದಳು ಅಕ್ಕ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂದು ಊಟ ಬೇಗ ಮುಗಿಯಿತು. ನನ್ನನ್ನು ಕಳಿಸಲು ಗೇಟಿನವರೆಗೆ ಬಂದ ಅಕ್ಕ, ನಿನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲವೇ ಎಂದು ಬೈದಳು. ಬೈಸಿಕೊಂಡರೂ ನನಗೆ ಹಗುರವಾಗಿತ್ತು. ಆದರೆ ಒಳಗೊಳಗೆ ಅಳುಕು. ಇಷ್ಟು ಹೇಳಿದ ಮೇಲೂ ಅವಳು ಬಾಯಿ ತೆರೆಯದಿದ್ದರೆ ಇನ್ನು ಎಂದೂ ತೆರೆಯುವುದಿಲ್ಲ ಎನಿಸಿತು.

ಮುಂದಿನ ಭಾನುವಾರ ಹೋದರೆ ಭಾವ ಅಡುಗೆಮನೆಯ ಮೇಜಿಗೆ ಕಬ್ಬಿಣದ ವೈಸ್ ಬಿಗಿದು, ಅದಕ್ಕೆ ಕೈಯಲ್ಲಿ ತಿರುಗಿಸುವ ಡ್ರಿಲ್ ಕಚ್ಚಿಸಿ, ಅದರ ಮೂತಿಗೆ ಹೊಸ ಪಿಕಪ್ಪಿನ ಪಟ್ಟಿಗಳನ್ನು ಸಿಕ್ಕಿಸಿದ್ದರು. ಇಲ್ಲೇಕೆ ಎಂದೆ. ಅಂಗಡಿಯಲ್ಲಿ ಧೂಳು ಎಂದರು. ಇಷ್ಟು ವರ್ಷದಲ್ಲಿ ಅಂಗಡಿಯ ಧೂಳು ಅವರಿಗೆ ಕಂಡದ್ದು ಅದೇ ಮೊದಲು. ಡ್ರಿಲ್ಲಿನ ಹಿಡಿ ಒಂದು ಸಲ ತಿರುಗಿದರೆ ಮೂತಿ ನಾಲ್ಕು ಸಲ ತಿರುಗುತ್ತದೆ, ಎರಡು ಸಾವಿರ ಸಲ ತಿರುಗಿಸಿದರೆ ಆಯಿತು ಎಂದು ನನಗೆ ವಿವರಿಸಿದರು. ಅಕ್ಕನಿಗೆ ಹೇಳಿದ್ದು ಒಂದೇ ಮಾತು, ನಿನ್ನ ಕೆಲಸ ನೀನು ಮಾಡಿಕೋ ಎಂದು. ತುಟಿ ಅಲ್ಲಾಡಿಸುತ್ತ ಶುರು ಮಾಡಿದರು.

ಅಕ್ಕ ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಮಡಿಸುತ್ತ ಕೂತಳು. ಡ್ರಿಲ್ಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುಕ್ಕಾಲು ಗಂಟೆ ಹೀಗೇ ಹೋಯಿತು. ನಾನು ಪತ್ರಿಕೆ ಹಿಡಿದಿದ್ದೆ, ಒಂದು ತಪ್ಪೂ ಕಣ್ಣಿಗೆ ಬೀಳಲಿಲ್ಲ ಎಂದರೆ ಓದುತ್ತಿರಲಿಲ್ಲ ಎಂದೇ ಅರ್ಥ. ಒಂದು ದಿಂಬಿನ ಚೀಲ ಕೊಡವುತ್ತ ಅಕ್ಕ ಏನೋ ಗುನುಗಿದಳು. ಅರ್ಧ ಸಾಲಿಗೇ ನಿಲ್ಲಿಸಿದಳು. ಡ್ರಿಲ್ ತಿರುಗುತ್ತಲೇ ಇತ್ತು. ಮತ್ತೆ ಅದೇ ಅರ್ಧ ಸಾಲು, ಮುಂದಿನ ಅರ್ಧ. ನಮ್ಮಮ್ಮ ಗುಂಡಿ ಹೊಲಿಯುವಾಗ ಹಾಡುತ್ತಿದ್ದ ಹಾಡು. ದನಿ ಒಡೆದಿತ್ತು, ಮೇಲಿನ ಸ್ವರಕ್ಕೆ ಏರಲಾರದೆ ಎರಡು ಕಡೆ ಗಾಳಿಯಷ್ಟೇ ಬಂತು. ಆದರೆ ಒಂದು ಸ್ವರವೂ ಜಾಗ ತಪ್ಪಲಿಲ್ಲ. ನಾನು ಅಕ್ಕನನ್ನೇ ನೋಡುತ್ತಿದ್ದೆ. ಭಾವನ ಕಡೆ ನೋಡಲು ಭಯ. ಅವರೆಲ್ಲಿ ಎದ್ದುಬಿಡುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದಿದ್ದೆ. ಅವರು ಏಳಲಿಲ್ಲ. ಒಂದು ಹಾಡು ಮುಗಿದು ಇನ್ನೊಂದಾಯಿತು, ಬಟ್ಟೆಯ ರಾಶಿ ಮುಗಿಯಿತು. ಪಿಕಪ್ಪಿನ ಪಟ್ಟಿಗಳ ಅಂಚಿನವರೆಗೂ ತಂತಿ ತುಂಬಿಕೊಂಡಾಗ ಭಾವ ನಿಲ್ಲಿಸಿದರು.

ಆ ವಾರ ಐದನೇ ಪಟ್ಟಿಯನ್ನು ಸರಿಯಾದ ಜಾಗಕ್ಕೆ ಕೂರಿಸಿ ಉಳಿದ ಕೆಲಸ ಮುಗಿಸಿದರು. ಕಾಯಿಲಿನ ಎರಡು ತುದಿ ವಾಲ್ಯೂಮಿನ ತಿರುಪಿಗೆ, ಅಲ್ಲಿಂದ ಆಂಪ್ಲಿಫೈಯರಿನ ವೈರು ಸಿಕ್ಕಿಸುವ ಜಾಕಿಗೆ. ಟೀಚರ್ ಕೊಟ್ಟಿದ್ದ ಆಂಪ್ಲಿಫೈಯರಿನ ಸ್ವಿಚ್ ಮೊದಲ ಸಲ ಹಾಕಿದಾಗ ಜೇನುಗೂಡು ಕೆದಕಿದಂಥ ಗುಂಯ್ ಸದ್ದು. ತಂತಿಗಳು ಕೂರುವ ಲೋಹದ ತುಂಡಿಗೆ ಒಂದು ಅರ್ತ್ ತಂತಿ ಕೊಟ್ಟ ಮೇಲೆ ಅದೂ ಅಡಗಿತು. ಶ್ರುತಿ ಮಾಡಿದವಳು ಅಕ್ಕ, ಈ ಸಲ ಬಾಯಲ್ಲಿ ಹಾಡಿಯೇ.

ಭಾನುವಾರ ಟೀಚರ್ ಮನೆಗೆ ಬಂದು ನುಡಿಸಿದರು. ಮೇಜಿನ ಹಲಗೆ ಅಷ್ಟು ದುಂಡಗೆ ಮಾತಾಡೀತೆಂದು ನಾನು ಎಣಿಸಿರಲಿಲ್ಲ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ದುಡ್ಡು ಕೊಟ್ಟು ತಂದ ಪಿಕಪ್ಪಿಗೂ ಈ ದನಿ ಇಲ್ಲ, ನನಗೂ ಇಂಥದೇ ಒಂದು ಬೇಕು ಎಂದರು. ಒಳಗೆ ಎಷ್ಟು ಸುತ್ತು ಇದೆ ಎಂದು ಕೇಳಿದರು.

ಮೀಟಿದ ತಂತಿ ಇನ್ನೂ ಸಣ್ಣಗೆ ನಡುಗುತ್ತಿತ್ತು. ಭಾವ ಅದರ ಮೇಲೆ ಬೆರಳಿಟ್ಟರು.

"ಐದು ಸಾವಿರದ ನಾನೂರರ ತನಕ ಗೊತ್ತು ಮೇಡಂ," ಎಂದರು. "ಆಮೇಲೆ ಇವಳು ಹಾಡಿದ್ಲು. ನಾನು ಎಣಿಸಲಿಲ್ಲ."

ಅಕ್ಕ ಸೆರಗನ್ನು ಸರಿಮಾಡಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿದಳು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಮೂವತ್ತೊಂದು ವರ್ಷ ಜತನದಿಂದ ಸಾಕಿಕೊಂಡಿದ್ದ ನನ್ನ ಕೋಪವನ್ನು ಈ ಮನುಷ್ಯ ಹೇಳದೆ ಕೇಳದೆ ಕಸಿದುಕೊಂಡುಬಿಟ್ಟಿದ್ದರು.