ಹಗ್ಗವೆಂದು ಬರೆದ ಹೆಜ್ಜೆ

ನನ್ನ ಅಕ್ಕನ ಗಂಡ ನೆಲಕ್ಕೆ ಟೈಲ್ಸ್ ಹಾಸುವ ಮೇಸ್ತ್ರಿ. ಊರೆಲ್ಲ ಅವರನ್ನು ಕರೆಯುವುದು ಇಂಚುಪಟ್ಟಿ ಎಂದು. ಯಾರಾದರೂ ಊಟಕ್ಕೆ ಕರೆದರೆ ಭಾವ ಮೊದಲು ಅವರ ನಡುಮನೆಯಲ್ಲಿ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ನೆಲದ ಗೆರೆ ನೆಟ್ಟಗಿದೆಯೇ ನೋಡುತ್ತಾರೆ. ಊಟ ಹೇಗಿತ್ತು ಎಂದು ಕೇಳಿದರೆ, "ಬಾಗಿಲ ಹತ್ರ ಒಂದು ನೂಲು ಓರೆ ಇದೆ" ಎನ್ನುತ್ತಾರೆ. ಆ ಮನೆಯವರು ಎರಡನೆಯ ಸಲ ಕರೆಯುವುದಿಲ್ಲ.

ಈ ಜಂಬದ ಬೇರು ಸೈನ್ಯದಲ್ಲಿದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗಡಿಯ ಯುದ್ಧದಲ್ಲಿ, ನೆಲಬಾಂಬು ಹೂಳುವುದು ಮತ್ತು ಎಲ್ಲೆಲ್ಲಿ ಹೂತಿದ್ದೇವೆಂದು ನಕ್ಷೆ ಬರೆಯುವುದು ಅವರ ಕೆಲಸವಾಗಿತ್ತು. "ಹಗ್ಗ ಹಿಡಿದು ಅಳೆದಿದ್ದು. ಒಂದಿಂಚು ಆಚೀಚೆ ಇದ್ರೆ ಮೀಸೆ ಬೋಳಿಸ್ಕೋತೀನಿ" ಎಂದು ನಲವತ್ತು ವರ್ಷ ಹೇಳುತ್ತ ಬಂದಿದ್ದಾರೆ. ನಾನೇನೂ ಕಡಿಮೆಯಿಲ್ಲ; ಆ ಕತೆಯನ್ನು ನಾನೇ ಯುದ್ಧಕ್ಕೆ ಹೋಗಿಬಂದವನ ಹಾಗೆ ಹತ್ತು ಜನರಿಗೆ ಹೇಳಿದ್ದೇನೆ.

ಕಳೆದ ವರ್ಷ ಗಡಿಯಾಚೆಯಿಂದ ಒಂದು ಕಾಗದ ಬಂತು. ಬರೆದವರು ಅಂದಿನ ಶತ್ರುಸೈನ್ಯದ ಸಿಪಾಯಿ, ಈಗ ನೆಲಬಾಂಬುಗಳನ್ನು ಹುಡುಕಿ ತೆಗೆಯುವ ತಂಡದ ಹಿರಿಯರು. ಒಪ್ಪಂದವಾದ ಮೇಲೆ ಎರಡೂ ಕಡೆಯ ನಕ್ಷೆಗಳು ಅದಲುಬದಲಾಗಿದ್ದವಂತೆ. ಭಾವನ ನಕ್ಷೆಯ ಮೂರು ಸಾಲು ಬರೆದಲ್ಲೇ ಸಿಕ್ಕಿದ್ದವು. ಸಿಗದೇ ಇದ್ದದ್ದು ಕೊನೆಯ ಸಾಲು. ನಕ್ಷೆಯ ಪ್ರಕಾರ ಅಲ್ಲಿ ಮೂರು ಬಾಂಬು: ಕಲ್ಲುಕಂಬದಿಂದ ಹದಿನೈದು ಮೀಟರಿಗೆ ಒಂದು, ಮುಂದೆ ಹದಿನೈದು ಹದಿನೈದಕ್ಕೆ ಇನ್ನೆರಡು.

"ಮೊದಲನೆಯದು ಆರು ವರ್ಷದ ಹಿಂದೆ ನನ್ನ ಎಡಗಾಲಿಗೆ ಸಿಕ್ಕಿತು. ನಿಮ್ಮ ನಕ್ಷೆಯಲ್ಲಿ ಅದು ಖಾಲಿ ಜಾಗ. ಉಳಿದೆರಡು ಸಿಗುತ್ತಿಲ್ಲ. ಇದು ಹಳೆಯ ಎರಕದ ಕಾರ್ಖಾನೆಯ ಹಿತ್ತಲು. ಕಬ್ಬಿಣದ ಚೂರುಗಳಿಗೆ ಲೋಹ ಹುಡುಕುವ ನಮ್ಮ ಯಂತ್ರ ಎಲ್ಲೆಡೆ ಕಿರುಚುತ್ತದೆ. ಪಕ್ಕದಲ್ಲೇ ಶಾಲೆ. ಮಕ್ಕಳ ಚೆಂಡು ಬೇಲಿ ದಾಟಿ ಬರುತ್ತಿರುತ್ತದೆ. ಈ ಸಾಲನ್ನು ಹೇಗೆ ಅಳೆದಿರಿ, ದಯವಿಟ್ಟು ತಿಳಿಸಿ."

ಭಾವ ಮೂರು ದಿನ ಆ ಕಾಗದವನ್ನು ಬಿಚ್ಚಿ ಓದಿ ಮಡಚಿಡುತ್ತಿದ್ದರು. ನಾಲ್ಕನೆಯ ದಿನ ನನ್ನನ್ನು ಕೂರಿಸಿಕೊಂಡು, "ಬರಿ. ನಕ್ಷೆ ಸರಿಯಾಗಿದೆ. ನೀವೇ ಟೇಪು ಸರಿಯಾಗಿ ಹಿಡಿದಿಲ್ಲ" ಎಂದರು. ಅಕ್ಷರ ದುಂಡಗಿದೆಯೆಂದು ಆ ಮನೆಯ ಕಾಗದಪತ್ರವೆಲ್ಲ ನನ್ನದೇ. ನಾನು ಠೀವಿಯಿಂದ 'ಮಾನ್ಯರೇ' ಎಂದು ಬರೆದು ಕೆಳಗೊಂದು ಗೆರೆಯನ್ನೂ ಎಳೆದೆ.

ಅಡುಗೆಮನೆಯಿಂದ ಅಕ್ಕ ಬಂದಳು. "ಏನ್ರೀ, ಕಾಲು ಕಳ್ಕೊಂಡೋರಿಗೆ ಟೇಪು ಹಿಡಿಯೋದು ಹೇಳ್ಕೊಡ್ತೀರಾ? ನಕ್ಷೆ ಸರಿ ಇದ್ರೆ ಮೂರು ದಿನದಿಂದ ನಿಮ್ಗೆ ಯಾಕೆ ನಿದ್ದೆ ಇಲ್ಲ?" ನನ್ನ ಕಡೆ ತಿರುಗಿ, "ನೀನೊಬ್ಬ, ಹೇಳಿದ್ದೆಲ್ಲ ಬರ್ಕೊಂಡು ಕೂತಿರ್ತೀಯ!"

ಭಾವ ಕಾಗದವನ್ನು ನನ್ನ ಕೈಯಿಂದ ಎಳೆದುಕೊಂಡು ಹರಿದರು. "ಬರೆಯೋ ವಿಷಯ ಅಲ್ಲ ಇದು. ಹೋಗಿ ಹೇಳ್ಬೇಕು."

ಎರಡು ಬಸ್ಸು ಬದಲಿಸಿ, ಗಡಿಯ ಕಚೇರಿಯಲ್ಲಿ ನಾಲ್ಕು ಅರ್ಜಿ ತುಂಬಿ, ನಾವಿಬ್ಬರೂ ಅಲ್ಲಿಗೆ ಮುಟ್ಟಿದೆವು. ಆಚೆಯವರು ಆಡುತ್ತಿದ್ದದ್ದು ನಮ್ಮ ಮಾತನ್ನೇ. ಗಡಿ ಎಳೆದವರಿಗೆ ಅದು ಕೇಳಿಸಿರಲಿಲ್ಲ. ಬೇಲಿಯ ಪಕ್ಕದಲ್ಲಿ ಒಬ್ಬರು ಕೃತಕ ಕಾಲನ್ನು ಮುಂದಕ್ಕೆ ಚಾಚಿ ಸ್ಟೂಲಿನ ಮೇಲೆ ಕೂತಿದ್ದರು. "ನಕ್ಷೆಯೋರು ನೀವೇನಾ?" ಎಂದರು.

ಬಸ್ಸಿನುದ್ದಕ್ಕೂ ಗುನುಗಿಕೊಂಡ ಮಾತನ್ನು ಭಾವ ಅಲ್ಲೇ ಬಿಟ್ಟರು. "ಆ ಸಾಲು ಹಗ್ಗ ಅಲ್ಲ" ಎಂದರು. "ಗುಂಡು ಬಿದ್ದು ಹಗ್ಗ ತುಂಡಾಯ್ತು. ಹೆಜ್ಜೆ ಎಣಿಸಿ ಹೂತೆ. ಕಂಬದಿಂದ ಮೊದಲ ಬಾಂಬಿಗೂ ಬಾಂಬಿಂದ ಬಾಂಬಿಗೂ ಇಪ್ಪತ್ತು ಹೆಜ್ಜೆ. ಹೆಜ್ಜೆಗೆ ಮುಕ್ಕಾಲು ಮೀಟರು ಅಂದ್ಕೊಂಡು ಹದಿನೈದು ಅಂತ ಬರೆದೆ. ಹಗ್ಗದಲ್ಲಿ ಅಳೆದಿದ್ದು ಅಂತ ರುಜು ಹಾಕ್ದೆ. ನಿಜ ಬರೆದಿದ್ರೆ ಮೇಲಿನೋರು ಮತ್ತೆ ಹೋಗಿ ಅಳೆದು ಬಾ ಅಂತಿದ್ರು. ನಿಮ್ಮ ಕಾಲು ಹೋಗಿದ್ದು ನನ್ನ ಸುಳ್ಳಿಂದ."

ಹಗ್ಗದ ಕತೆಯನ್ನು ಹತ್ತು ಜನರಿಗೆ ಹೇಳಿದ್ದ ನಾನು ಬೇಲಿಯ ಗೂಟ ಎಣಿಸತೊಡಗಿದೆ.

"ಗುಂಡು ಹಾರಿಸ್ತಿದ್ದೋರು ನಾವೇ ತಾನೆ?" ಎಂದರು ಕೃತಕ ಕಾಲಿನವರು.

"ನೀವೇ."

"ಹಾಗಾದ್ರೆ ನಾನಾಗಿದ್ರೂ ವಾಪಸ್ ಹೋಗ್ತಿರ್ಲಿಲ್ಲ ಬಿಡಿ." ಮುಖದಲ್ಲಿ ನಗುವಿರಲಿಲ್ಲ. "ಕೋಪ ಇಲ್ಲ ಅಂತಲ್ಲ. ಆರು ವರ್ಷ ಕಾಲು ಕಟ್ಕೊಳ್ಳುವಾಗೆಲ್ಲ ನಿಮ್ಮನ್ನ ಬೈದಿದೀನಿ. ಇವತ್ತು ಕೆಲಸ ಇದೆ. ಇಪ್ಪತ್ತು ಹೆಜ್ಜೆ, ಖಂಡಿತಾನಾ?"

"ಕತ್ತು ಹಿಸುಕಿದ್ರೂ ಇಪ್ಪತ್ತೇ." ಊರಿನ ಇಂಚುಪಟ್ಟಿ ಆಗ ಮರಳಿ ಬಂದರು.

ಅವರು ಕಾಲು ಕಳೆದುಕೊಂಡ ಜಾಗ ಕಂಬದಿಂದ ಹನ್ನೆರಡು ಮೀಟರು ನಲವತ್ತು ಸೆಂಟಿಮೀಟರು. ಇಪ್ಪತ್ತರಿಂದ ಭಾಗಿಸಿದರೆ ಹೆಜ್ಜೆಗೆ ಅರವತ್ತೆರಡು ಸೆಂಟಿಮೀಟರು.

"ಇಷ್ಟು ಪುಟ್ಟ ಹೆಜ್ಜೆ ನಂದಾ?" ಎಂದು ಭಾವ ನೊಂದುಕೊಂಡರು.

"ಹೆಗಲ ಮೇಲೆ ಬಾಂಬು, ತಲೆ ಮೇಲೆ ಗುಂಡು. ಎದೆ ಸೆಟೆಸ್ಕೊಂಡು ನಡೆದ್ರಾ ಸ್ವಾಮಿ? ಬಗ್ಗಿ ನಡೆದಿರ್ತೀರಿ."

ಎರಡನೆಯದು ಆ ಲೆಕ್ಕ ತೋರಿಸಿದ ಜಾಗದಲ್ಲೇ ಇತ್ತು. ತಂಡದವರು ಮಂಡಿಯೂರಿ, ತೆಳು ಸರಳಿನಿಂದ ಮಣ್ಣನ್ನು ಬೆರಳು ಬೆರಳಾಗಿ ತಡವಿ ತೆಗೆದರು. ಮೂರನೆಯದಕ್ಕೆ ಗುರುತು ಹಾಕುವಾಗ ಭಾವ ತಡೆದರು. "ಅಷ್ಟು ಹೊತ್ತಿಗೆ ಹೆಗಲ ಮೇಲೆ ಒಂದೇ ಉಳಿದಿತ್ತು. ಹಗುರ ಆಗಿ ಹೆಜ್ಜೆ ಕೊಂಚ ಉದ್ದ ಬಿದ್ದಿರುತ್ತೆ. ಒಂದು ಗೇಣು ಮುಂದೆ ನೋಡಿ." ಮಧ್ಯಾಹ್ನ ಅದೂ ಸಿಕ್ಕಿತು, ಗೇಣಿನ ಮೇಲೆ ಎರಡು ಬೆರಳು ಮುಂದೆ.

ಎರಡನ್ನೂ ದೂರ ಒಯ್ದು ಸಿಡಿಸಿದರು. ಕೆಲಸ ಮುಗಿಯಿತು, ಕಡತ ಮುಚ್ಚಿತು ಎಂದು ಎಲ್ಲರೂ ಕೈ ತೊಳೆಯಲು ಹೊರಟಾಗ ಭಾವ ಕದಲಲಿಲ್ಲ.

"ಆ ನಕ್ಷೆ ಕೊಡಿ. ತಿದ್ದಬೇಕು."

"ಇನ್ಯಾಕೆ? ನೆಲದಲ್ಲಿ ಏನೂ ಉಳಿದಿಲ್ಲವಲ್ಲ."

"ಕಾಗದದಲ್ಲಿ ಉಳಿದಿದೆ."

ಅಕ್ಷರ ದುಂಡಗಿರುವ ನಾನು ಪೆನ್ನು ತೆಗೆದೆ. ಭಾವ ಅದನ್ನು ಕಿತ್ತುಕೊಂಡು ತಾವೇ ಕೂತರು. 'ಹಗ್ಗ' ಎಂಬುದನ್ನು ಹೊಡೆದು 'ಹೆಜ್ಜೆ' ಎಂದು ಬರೆದರು. ಪಕ್ಕದಲ್ಲಿ 'ಕಾರಣ' ಎಂದು ಬರೆದು ಕೆಳಗೊಂದು ಗೆರೆ ಎಳೆದರು. ಆಮೇಲೆ 'ಹೆದರಿಕೆ' ಎಂದು ಬರೆದು ರುಜು ಹಾಕಿದರು.

ಕೃತಕ ಕಾಲಿನವರು ಅದನ್ನು ಎರಡು ಸಲ ಓದಿದರು. ಪೆನ್ನು ಕೇಳಿ ತೆಗೆದುಕೊಂಡು, ಭಾವನ ರುಜುವಿನ ಕೆಳಗೆ 'ಸಾಕ್ಷಿ' ಎಂದು ಬರೆದು ತಮ್ಮ ಹೆಸರನ್ನೂ ಸೇರಿಸಿದರು.